ಪೋಲಮ್ಮನ ಸಿಮೆಂಟು ಅಂಗಳ

ಎರಡನೇ ಮಹಾಯುದ್ಧ ಮುಗಿದು ಸಿಮೆಂಟು ಮತ್ತೆ ಸಿಗತೊಡಗಿದ್ದ ಕಾಲ. ನೆರೆಮನೆಯ ಪೋಲಮ್ಮ ತನ್ನ ಸಿಮೆಂಟು ಅಂಗಳವನ್ನು ಬೇಕೆಂದೇ ಕುಟ್ಟಿ ಕೆಡಿಸುತ್ತಿದ್ದಾಳೆಂದು ಹಿಂದೂಪುರದ ಮಂಡಿ ಸಾಹುಕಾರ ಶಿವಯೋಗಪ್ಪನವರು ಬಹಳ ದಿನ ನಂಬಿದ್ದರು. ಸಿಮೆಂಟು ಹಾಕಿಸೆಂದು ಸಲಹೆ ಕೊಟ್ಟವರೇ ಅವರು. ಅಲ್ಲಿ ಬಿದ್ದ ಗುಳಿಯೆಲ್ಲ ಅವರ ಮರ್ಯಾದೆಗೇ ಬಿದ್ದ ಹಾಗಾಗಿತ್ತು.

ಪೋಲಮ್ಮನ ಚಿಂತೆ ಬೇರೆ. ಮಂಡಿಯ ಹುಣಿಸೆಹಣ್ಣನ್ನು ಕುಟ್ಟಿ, ಬೀಜ ಬಿಡಿಸಿ ಕೊಡುವುದೇ ಅವಳ ಬದುಕು. ಗುಳಿಯಿಂದ ಎದ್ದ ಮರಳು ಹಣ್ಣಿಗೆ ಮೆತ್ತಿದರೆ ಯಾರೂ ಮತ್ತೆ ಕೆಲಸ ಕೊಡುವುದಿಲ್ಲ. ಸುಗ್ಗಿಗೆ ಮುಂಚೆ ಅವಳು ಅಂಗಳ ಅಗೆಸಿ ಕಗ್ಗಲ್ಲಿನ ಚಪ್ಪಡಿ ಹಾಸಿಸಲು ನಿಂತಾಗ, ಶಿವಯೋಗಪ್ಪನವರು ವಿಚಾರಣೆಗೆ ಬಂದರು.

“ಕುಟ್ಟಿ ಕುಟ್ಟಿ ಹಿಂಗ್ ಮಾಡ್ಬುಟ್ಯಲ್ಲಮ್ಮ?”

“ಕುಟ್ಟೋದು ಆ ಬಂಡೆ ಮ್ಯಾಲೆ ಸಾಮಿ. ಗುಳಿ ಬಿದ್ದಿರೋದು ಹಣ್ಣು ರಾಶಿ ಹಾಕೋ ತಾವು. ಹುಳಿ ಸಿಮೆಂಟ್ನ ತಿಂದ್ಬುಟ್ಟೈತೆ.”

ಅವರು ಕುಕ್ಕುರುಗಾಲಲ್ಲಿ ಕೂತು ಗುಳಿಯನ್ನು ಉಗುರಿನಿಂದ ಕೆರೆದರು. ಸಿಮೆಂಟು ಹಿಟ್ಟಿನಂತೆ ಉದುರಿತು. ಹಣ್ಣು ಸೋಕದ ಮೂಲೆಯನ್ನೂ ಕೆರೆದು ನೋಡಿದರು, ಉಗುರು ಮುರಿಯಿತು. ಮರ್ಯಾದೆಯ ವಿಷಯ ಅಲ್ಲಿಗೆ ಮರೆತುಹೋಯಿತು. ಹೊಟ್ಟೆ ಸವರಿಕೊಂಡು ಮೆಲ್ಲಗೆ ಕೇಳಿದರು:

“ಅಲ್ಲ ಪೋಲಮ್ಮ, ನಾನು ದಿನಾ ಎರಡು ಹೊತ್ತು ಹುಳಿಸಾರು ಉಣ್ತೀನಲ್ಲ, ನನ್ನ ಗತಿಯೇನು?”

“ನಿಮ್ ಹೊಟ್ಟೇನ ಸಿಮೆಂಟಾಗೆ ಕಟ್ಟಿಲ್ಲ ಸಾಮಿ. ಕಲ್ಲು ಇಡ್ಬೇಕು, ಆಚೆ ಸರೀರಿ.”