ಹೊಂಡಕ್ಕೆ ಕೆಂಪು ಶಾಯಿ

ಬೆಳಿಗ್ಗೆ ದೋಸೆ ಎರೆಯುತ್ತಲೇ ಮಗಳ ಚಿತ್ರದ ಪುಸ್ತಕ ತೆರೆದೆ. 'ನಮ್ಮ ಊರು' ಎಂದು ಅವಳು ಇಸಳೂರಿನ ನಮ್ಮ ರಸ್ತೆಯನ್ನೂ, ಹೊಂಡದಲ್ಲಿ ಮಗುಚಿದ ನನ್ನ ಸ್ಕೂಟಿಯನ್ನೂ ಬರೆದಿದ್ದಳು. ಮೇಲೆ ಕೆಂಪು ಶಾಯಿಯಲ್ಲಿ 'ತಪ್ಪು'.

"ಬೋರ್ಡಿನ ಮೇಲಿದ್ದ ಗುಡ್ಡ, ಸೂರ್ಯನೇ ಬರೀಬೇಕಿತ್ತಡ. ಆನು ಇನ್ನು ಚಿತ್ರ ಬರೀತ್ನಿಲ್ಲೆ," ಎಂದಳು.

ದೋಸೆ ಸೀದಿತು. ಕಾನ್ವೆಂಟಿನಲ್ಲಿ ನಾನೂ ಅದೇ ಗುಡ್ಡ ಬರೆದು 'ಗುಡ್' ಪಡೆದವಳು. ಕಂಡದ್ದನ್ನು ಬರೆಯಬಾರದೆಂದು ಕಲಿತ ಮಕ್ಕಳು ನಾಳೆ ಗ್ರಾಮಸಭೆಯಲ್ಲಿ ಬಾಯಿ ತೆರೆಯುತ್ತಾರೆಯೇ? ನಾನಂತೂ ಒಮ್ಮೆಯೂ ತೆರೆದಿಲ್ಲ. ಸಿಟ್ಟು ನೆತ್ತಿಗೇರಿ ಶಾಲೆಗೇ ಹೋಗಿ ಕೇಳಿದೆ.

"ಊರಿನ ಮರ್ಯಾದೆ ಪ್ರಶ್ನೆ ಮೇಡಂ," ಎಂದರು ಮಾಸ್ತರು.

ಮನೆಗೆ ಬಂದು ಪುಸ್ತಕದಿಂದ ಆ ಚಿತ್ರದ ಹಾಳೆ ಕಿತ್ತು ಫ್ರಿಜ್ಜಿಗೆ ಅಂಟಿಸಿದೆ. ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ನೋಡಿ ನಕ್ಕಳು: "ಇದು ನಮ್ಮನೆ ಎದ್ರಿನ ಹೊಂಡ ಅಲ್ದನೇ? ಪಂಚಾಯ್ತಿಯವಕ್ಕೆ ತೋರ್ಸೇ, ಅವ್ಕೆ ಇನ್ನೂ ಕಂಡಿದ್ದಿಲ್ಲೆ."