ತೊಗರಿಗೆ ಹಚ್ಚಿದ ಬಣ್ಣ

ಮೂರನೆಯ ಸಲ ತೊಳೆದಾಗಲೂ ನೀರು ಗುಲಾಬಿಯಾಗಿಯೇ ಇತ್ತು. ಪುರವರದ ಹತ್ತಿರ ನನ್ನ ದೊಡ್ಡಮ್ಮನ ಮನೆ. ಬಿತ್ತಿ ಉಳಿದ ತೊಗರಿಯನ್ನು ಅವರು ಹಿತ್ತಿಲಲ್ಲಿ ಕೂತು ಸಾರಿಗೆಂದು ತೊಳೆಯುತ್ತಿದ್ದರು.

ನಮ್ಮ ಕಡೆ ಹುಳು ಹಿಡಿಯದಿರಲೆಂದು ಬಿತ್ತನೆಯ ತೊಗರಿಗೆ ಕೆಮ್ಮಣ್ಣು ಹಚ್ಚಿ ಇಡುತ್ತಾರೆ. ಮಿಕ್ಕಿದ್ದನ್ನು ತೊಳೆದು ಬೇಯಿಸುತ್ತಾರೆ, ಪಕ್ಕದ ಮನೆಗೂ ಒಂದು ಪಾಲು ಕೊಡುತ್ತಾರೆ. ಈ ವರ್ಷ ಮನೆಯ ಬೀಜ ಸಾಲದೆ ದೊಡ್ಡಮ್ಮ ಮೊದಲ ಸಲ ಮಧುಗಿರಿಯ ಅಂಗಡಿಯಿಂದ ಕಂಪನಿ ಪ್ಯಾಕೆಟ್ ತರಿಸಿದ್ದರು. ಅದರ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ವಿಷ ಲೇಪಿಸಿದೆ, ತಿನ್ನಬಾರದು ಎಂದಿತ್ತು.

"ದೊಡ್ಡಮ್ಮ, ಇದು ಕೆಮ್ಮಣ್ಣಲ್ಲ, ವಿಷ."

"ವಿಸದ್ ಬೀಜ ಅಂಗಡೀಲಿ ಮಾರಾಕೆ ಸರ್ಕಾರ ಬುಡ್ತದಾ?"

"ಬಣ್ಣ ಹಚ್ಚಿ ಅಂತ ಸರ್ಕಾರಾನೇ ಹೇಳಿರೋದು."

"ಮತ್ತೆ? ಸರ್ಕಾರಾನೇ ಹೇಳದ್ಮೇಲೆ ಭಯ ಯಾತರದು ಕಣಮ್ಮ?"

ತಿನ್ನಬೇಡಿ ಎಂದು ಕಾನೂನು ಹಚ್ಚಿಸಿದ ಬಣ್ಣ ದೊಡ್ಡಮ್ಮನಿಗೆ ಜೋಪಾನ ಮಾಡಿದ ಬೀಜದ ಗುರುತಾಗಿ ಕಂಡಿತ್ತು. ಕೊನೆಗೆ ನನ್ನ ಹಟಕ್ಕೆ ಬೇಸತ್ತು ಅವರು ಬೋಗುಣಿಯನ್ನು ಪಕ್ಕಕ್ಕೆ ತಳ್ಳಿದರು. ಕೋಳಿಗಳು ಮುಟ್ಟದಂತೆ ಆ ನೀರನ್ನು ಕಾಳಿನ ಸಮೇತ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ಆಗ ಅವರು ಮೆಲ್ಲಗೆ ಹೇಳಿದರು, "ಬೆಳಿಗ್ಗೇನೇ ಪಕ್ಕದ್ಮನೆಗೆ ಕೊಟ್ಬುಟ್ಟೆ."

ಓಡಿದೆ. ಪಕ್ಕದ ಮನೆಯ ಅಕ್ಕ ಇನ್ನೂ ಬೇಯಿಸಿರಲಿಲ್ಲ. ತೊಗರಿ ಮೊರದಲ್ಲೇ ಇತ್ತು. ವಾಪಸ್ ಕೊಡಿ ಎಂದೆ.

"ನಿಮ್ ದೊಡ್ಡಮ್ಮ ಈಸ್ಕೊಂಡ್ ಬಾ ಅಂದ್ರಾ? ಕೊಟ್ಟ್ ಬೀಜ ಕೇಳೋ ಮನೆ ಅಲ್ವಲ್ಲ ಅದು."

"ಅದಕ್ಕೆ ಕಂಪನಿಯೋರು ವಿಷ ಹಚ್ಚಿದಾರೆ, ಅಕ್ಕ."

"ಮತ್ತೆ ನಂಗ್ಯಾಕ್ ಕೊಟ್ರು?"

ಸುಮ್ಮನೆ ವಾಪಸ್ ಕೇಳಿದರೆ ದೊಡ್ಡಮ್ಮ ಜಿಪುಣಿಯಾಗುತ್ತಿದ್ದರು, ಕಾರಣ ಹೇಳಿದರೆ ಅದಕ್ಕಿಂತ ಕೆಟ್ಟವರು. ಅವರಿಗೆ ಗೊತ್ತಿರಲಿಲ್ಲ ಎಂದೆ. "ಬಿತ್ತಿದೋರ್ಗೇ ಗೊತ್ತಿಲ್ಲ, ಓದ್ದೋಳ್ಗೆ ಗೊತ್ತು" ಎಂದು ಅಕ್ಕ ನಕ್ಕರು. ನಗುವಿನಲ್ಲಿ ನಂಬಿಕೆ ಇರಲಿಲ್ಲ. ತಪ್ಪು ಕಂಪನಿಯದೋ, ಕಾನೂನಿನದೋ, ನಮ್ಮ ರೂಢಿಯದೋ ನನಗೆ ಈಗಲೂ ತಿಳಿಯದು. ಹಿಂದಕ್ಕೆ ಕೊಡುವುದು ಬೇಡ, ತಿನ್ನುವುದೂ ಬೇಡ, ನಿಮ್ಮ ಹೊಲದಲ್ಲೇ ಊರೋಣ ಎಂದೆ. ಅಕ್ಕ ಹ್ಞೂಂ ಎನ್ನಲಿಲ್ಲ, ಆದರೆ ಮೊರವನ್ನು ಅಟ್ಟದ ಮೇಲಿಟ್ಟರು.

ಮಾರನೆಯ ಬೆಳಿಗ್ಗೆ ನಾನು ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಅವರ ರಾಗಿ ಹೊಲದ ಬದುವಿನ ಉದ್ದಕ್ಕೂ ಆ ತೊಗರಿ ಊರಿದೆ. ಅಕ್ಕ ಹಿಂದೆಯೇ ಬರಿಗಾಲಲ್ಲಿ ಕಾಳಿನ ಮೇಲೆ ಮಣ್ಣು ಎಳೆಯುತ್ತ ಬಂದರು.