ಅತ್ಯಾನ ಚಿತ್ರದಲ್ಲಿ ನಾನು ಬರೆದ ದೋಣಿ

ನಾನು ಸಣ್ಣವಳಿದ್ದಾಗ ರಬಕವಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೊಂದು ಕೃಷ್ಣಾ ಹೊಳೆ ಇರುತ್ತಿತ್ತು. ಬರೆದವಳು ನಮ್ಮ ಅತ್ಯಾ, ಅಪ್ಪನ ಅಕ್ಕ. ಜಮಖಂಡಿಯ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತ, ಮದುವೆಯಾಗದೆ ನಮ್ಮೊಂದಿಗೇ ಇದ್ದಳು. ಚಿಕ್ಕಪಡಸಲಗಿಯ ಬ್ಯಾರೇಜು, ಮುಧೋಳ ದಾರಿಯ ಕಬ್ಬು, ದಂಡೆಯ ಜಾಲಿಗಿಡ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆಯುತ್ತಿದ್ದಳು. ರವಿವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನನ್ನೂ ಹೊಳೆಗೆ ಕರೆದೊಯ್ಯುತ್ತಿದ್ದಳು. ಅವಳು ಬರೆಯುವಾಗ ನಾನು ಹರಳು ಆರಿಸಿ ಒಬ್ಬಳೇ ಆಡುತ್ತಿದ್ದೆ. ಅವಳು ಮುರಿದುಕೊಟ್ಟ ರೊಟ್ಟಿಗೂ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಇರುತ್ತಿತ್ತು.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ಅವಳ ಚಿತ್ರಗಳಿಂದ ಮೊದಲು ಗಿಡಗಳು ಹೋದವು. ಆಮೇಲೆ ದೋಣಿ ಹೋಯಿತು. ಕೊನೆಗೆ ದಂಡೆಯೂ ಹೋಗಿ, ಕಂದು, ನೀಲಿ, ಬೂದಿ ಬಣ್ಣದ ಅಗಲ ಪಟ್ಟೆಗಳಷ್ಟೇ ಉಳಿದವು. ಮದುವೆಗೆ ಉಡುಗೊರೆ ಕೊಡಲು ಚಿತ್ರ ಕೇಳಿಕೊಂಡು ಬಂದವರು ಮುಖ ಮುಖ ನೋಡಿಕೊಂಡು ಹೋದರು. ಇದೇನು ಎಂದು ಅಜ್ಜಿ ಕೇಳಿದಾಗ ಅತ್ಯಾ, “ಹೊಳಿ ಹೆಂಗ ಕಾಣತೈತಿ ಅನ್ನೂದು ಭಾಳ ಬರದೆ ಅವ್ವಾ. ಅದರ ಮುಂದ ಕುಂತಾಗ ಒಳಗ ಏನಾಕ್ಕೈತಿ, ಅದನ್ನ ಬರ್ಯಾಕತ್ತೇನಿ” ಅಂದಳು. ನನಗೇನೂ ತಿಳಿಯಲಿಲ್ಲ.

ಜಮಖಂಡಿಯಲ್ಲಿ ಅವಳ ಚಿತ್ರಗಳ ಪ್ರದರ್ಶನ ನಿಗದಿಯಾಯಿತು. ನನ್ನ ತರಗತಿಯವರೂ ಬರುವವರಿದ್ದರು. ನಿಮ್ಮ ಅತ್ಯಾಗೆ ತಲೆ ಕೆಟ್ಟಿದೆಯಂತೆ ಎಂದು ಗೆಳತಿಯೊಬ್ಬಳು ಎಲ್ಲರೆದುರು ಕೇಳಿದ್ದಳು. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅತ್ಯಾ ಪೇಟೆಗೆ ಹೋದಾಗ ನಾನು ಅವಳ ಕುಂಚ ಹಿಡಿದು ಎಲ್ಲಕ್ಕಿಂತ ದೊಡ್ಡ ಚಿತ್ರದ ಮುಂದೆ ನಿಂತೆ. ನೀಲಿಯ ಮೇಲೊಂದು ದೋಣಿ ಬರೆದೆ. ಮೇಲೆ ಸೂರ್ಯ, ನಾಲ್ಕು ಹಕ್ಕಿ.

ಅತ್ಯಾ ಬಂದು ಚಿತ್ರ ನೋಡಿ, ನನ್ನ ಕೈಯಿಂದ ಕುಂಚ ತೆಗೆದುಕೊಂಡಳು. ಬೈಯಲಿಲ್ಲ.

“ಯಾಕ?” ಅಂದಳು.

“ಎಲ್ಲಾರೂ ನಗಾಕತ್ತಾರ ಅತ್ಯಾ.”

“ನೀನೂ?”



ಮರುದಿನ ಅವಳು ಅದನ್ನು ಹಾಗೆಯೇ ತೂಗುಹಾಕಿದಳು. ಉಳಿದ ಚಿತ್ರಗಳ ಮುಂದೆ ಯಾರೂ ನಿಲ್ಲಲಿಲ್ಲ. ಇದರ ಮುಂದೆ ಗುಂಪು. ಇದೊಂದಾದರೂ ತಿಳಿಯುತ್ತದೆ ಎಂದರು ಅವಳ ಸಾಲೆಯ ಹೆಡ್‌ಮಾಸ್ತರರು. ಅತ್ಯಾ ಸಣ್ಣ ದನಿಯಲ್ಲಿ, “ಅದು ನಂದಲ್ಲರಿ ಸರ್. ನಮ್ಮ ತಮ್ಮನ ಮಗಳು ಬರದಾಳ” ಅಂದಳು. ಅವರು ನನ್ನ ಬೆನ್ನು ತಟ್ಟಿದರು. ಗೆಳತಿಯರು ನೋಡುತ್ತಿದ್ದರು. ನಾನು ನಕ್ಕೆ. ಇದನ್ನು ಬರೆಯುವಾಗಲೂ ಆ ನಗುವಿಗೆ ಮೈ ಹಿಡಿಯಾಗುತ್ತದೆ.

ಅತ್ಯಾ ಕೊನೆಯವರೆಗೂ ಪಟ್ಟೆಗಳನ್ನೇ ಬರೆದಳು. ಆದರೆ ಮತ್ತೆಲ್ಲೂ ಪ್ರದರ್ಶನಕ್ಕಿಡಲಿಲ್ಲ, ನನ್ನನ್ನು ಹೊಳೆಗೆ ಕರೆಯಲೂ ಇಲ್ಲ. ಮದುವೆಯಾದ ಮೇಲೂ ನಾನು ಈ ಕಥೆಯನ್ನು ಅವಳೆದುರೇ ಹೇಳಿ ಮಂದಿಯನ್ನು ನಗಿಸುತ್ತಿದ್ದೆ. ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅವಳು ತೀರಿಕೊಂಡು ಮೂರು ವರ್ಷವಾಯಿತು. ಆ ಚಿತ್ರ ಈಗ ನನ್ನ ಮನೆಯಲ್ಲಿದೆ. ಕಲೆ ಬಲ್ಲ ಪರಿಚಯದವರೊಬ್ಬರು ಅದನ್ನು ನೋಡಿ, ದೋಣಿ ಬರುವ ಮೊದಲು ಆ ನೀಲಿ ಹೇಗಿತ್ತು ಎಂದು ಕೇಳಿದರು. ಹೇಳಲು ಆಗಲಿಲ್ಲ. ಆ ಮಧ್ಯಾಹ್ನ ಅದರ ಮುಂದೆ ಅಷ್ಟು ಹೊತ್ತು ನಿಂತಿದ್ದೆ. ದೋಣಿಗೆ ಜಾಗ ಹುಡುಕಿದ್ದೆನೇ ಹೊರತು ಆ ನೀಲಿಯನ್ನು ನೋಡಿರಲಿಲ್ಲ.